ಊರು ಬಿಡುವ ಮುನ್ನ ಆರ್‌ಟಿಒ ಕಾಗದ

ಒಂಟಾರಿಯೊಗೆ ಹೊಸದಾಗಿ ಬಂದವರು ಬಾಡಿಗೆ ಮನೆ ಸಿಕ್ಕ ಮೇಲೆ ಕನ್ನಡ ಕೂಟದಲ್ಲಿ ನಮ್ಮನ್ನು ಕೇಳುವ ಮೊದಲ ಪ್ರಶ್ನೆ: "ನಮ್ಮ ಡಿಎಲ್ ಇಲ್ಲಿ ನಡೆಯುತ್ತಾ?" ನಡೆಯುತ್ತದೆ, ಆದರೆ ಇಲ್ಲಿ ನೆಲೆಸಲು ಬಂದ ದಿನದಿಂದ 60 ದಿನ ಮಾತ್ರ. ಕೈಯಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೂ ಆ ಗಡುವು ಮುಂದಕ್ಕೆ ಹೋಗುವುದಿಲ್ಲ.

ಜಪಾನ್, ಜರ್ಮನಿ, ಬ್ರಿಟನ್ನಿನ ಲೈಸೆನ್ಸನ್ನು ಒಂಟಾರಿಯೊ ಬದಲಾಯಿಸಿ ಕೊಡುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದವರೂ ಡ್ರೈವ್‌ಟೆಸ್ಟ್ ಕೇಂದ್ರಕ್ಕೆ ಹೋಗಿ, ಕಣ್ಣು ತೋರಿಸಿ, 40 ಪ್ರಶ್ನೆಗಳ ಜಿ1 (ಕಲಿಕೆಯ ಲೈಸೆನ್ಸ್) ಪರೀಕ್ಷೆ ಬರೆಯಲೇಬೇಕು. ರಸ್ತೆ ನಿಯಮಗಳು 20, ಫಲಕಗಳು 20. ಎರಡರಲ್ಲೂ ತಲಾ 16 ಸರಿಯಾಗಿರಬೇಕು. ಒಂದು ವಾರ ಕೈಪಿಡಿ ಓದಿದರೆ ಇದು ಕಷ್ಟವಲ್ಲ.

ಕಷ್ಟ ಬರುವುದು ನಿಮ್ಮ ಹಳೆಯ ಅನುಭವವನ್ನು ಲೆಕ್ಕಕ್ಕೆ ಹಿಡಿಸುವಾಗ. ಒಂದು ವರ್ಷದ ಅನುಭವವನ್ನು ನಿಮ್ಮ ಮಾತಿನ ಮೇಲೆ ನಂಬುತ್ತಾರೆ. ಅದಕ್ಕಿಂತ ಹೆಚ್ಚು ಹೇಳಿದರೆ, ಲೈಸೆನ್ಸ್ ಕೊಟ್ಟ ಆರ್‌ಟಿಒ ಅಥವಾ ನಮ್ಮ ಕಾನ್ಸುಲೇಟ್ ಕೊಟ್ಟ ಪತ್ರ ಕೇಳುತ್ತಾರೆ. ನಮ್ಮ ಮನೆಯವರಿಗೆ ಆದದ್ದೇ ಇದು. ಊರಲ್ಲಿ ಹನ್ನೊಂದು ವರ್ಷ ಓಡಿಸಿದ್ದರು, ಕಾರ್ಡು ಜೇಬಿನಲ್ಲಿತ್ತು, ಪತ್ರ ಮಾತ್ರ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ಒಂದೇ ವರ್ಷ. ಮಧ್ಯದ ಹಂತವಾದ ಜಿ2 ರಸ್ತೆ ಪರೀಕ್ಷೆ ಪಾಸಾಗಿ ಕಾರು ಓಡಿಸಲು ಶುರುಮಾಡಿದರು, ಆದರೆ ಪೂರ್ತಿ ಲೈಸೆನ್ಸಾದ ಜಿ ಪರೀಕ್ಷೆಗೆ ಇನ್ನೊಂದು ವರ್ಷ ಕಾಯಬೇಕಾಯಿತು.

ಎರಡು ವರ್ಷದ ಅನುಭವಕ್ಕೆ ಪತ್ರವಿದ್ದರೆ ನೇರವಾಗಿ ಜಿ ಪರೀಕ್ಷೆಗೇ ಕೂರಬಹುದು. ಹಾಗೆ ಮಾಡಬೇಡಿ ಎನ್ನುವುದು ನನ್ನ ಸಲಹೆ. ಮೊದಲ ಸಲ ಫೇಲಾದರೆ ಹೇಗೂ ಜಿ2ಗೆ ಇಳಿಯಬೇಕು. ಜಿ ಪರೀಕ್ಷೆಯಲ್ಲಿ ಹೈವೇ ಕೂಡ ಇರುತ್ತದೆ. ಜಿ1 ಇಟ್ಟುಕೊಂಡು 401ರಂಥ ಹೈವೇಗಳಿಗೆ ಡ್ರೈವಿಂಗ್ ಶಾಲೆಯ ಶಿಕ್ಷಕರು ಪಕ್ಕದಲ್ಲಿಲ್ಲದೆ ಹೋಗುವಂತಿಲ್ಲ. ಮೊದಲು ಜಿ2 ಮುಗಿಸಿ, ಒಂದೆರಡು ತಿಂಗಳು ಹೈವೇ ರೂಢಿ ಮಾಡಿಕೊಂಡು ಆಮೇಲೆ ಜಿಗೆ ಹೋಗಿ. ಪತ್ರವಿದ್ದವರಿಗೆ ನಡುವೆ ಕಾಯುವ ನಿಯಮವಿಲ್ಲ.

ಊರಿನ ಕೈಚಳಕ ಇಲ್ಲಿ ಅಡ್ಡ ಬರುವ ಜಾಗಗಳೂ ಇವೆ. ಸ್ಟಾಪ್ ಫಲಕದ ಮುಂದೆ ನಿಧಾನ ಮಾಡಿದರೆ ಸಾಲದು, ಚಕ್ರ ಪೂರ್ತಿ ನಿಲ್ಲಬೇಕು. ಲೇನ್ ಬದಲಿಸುವಾಗ ಕನ್ನಡಿ ನೋಡಿದ ಮೇಲೂ ಭುಜದ ಮೇಲಿಂದ ತಿರುಗಿ ನೋಡಬೇಕು; ನಮ್ಮವರು ಹೆಚ್ಚಾಗಿ ಅಂಕ ಕಳೆದುಕೊಳ್ಳುವುದು ಇಲ್ಲೇ. ಶಾಲೆಯ ಬಸ್ಸಿನ ಕೆಂಪು ದೀಪ ಮಿನುಗಿದರೆ, ರಸ್ತೆಯ ಮಧ್ಯೆ ವಿಭಜಕ ಇಲ್ಲದ ಕಡೆ ಎದುರಿನಿಂದ ಬರುವವರೂ ನಿಲ್ಲಬೇಕು. ಅಲ್ಲಿ ಇಳಿಯುವುದು ನಮ್ಮ ಮಕ್ಕಳೇ.

ಇನ್ನು ಪತ್ರದ ವಿಷಯ. ಅದಿಲ್ಲದೆ ಬಂದವರು ಕಾನ್ಸುಲೇಟಿಗೆ ಅರ್ಜಿ ಹಾಕಿ, ಪತ್ರ ಕೈಗೆ ಬಂದ ಮೇಲೆ ಡ್ರೈವ್‌ಟೆಸ್ಟ್ ಕೇಂದ್ರಕ್ಕೆ ಹೋಗಿ. ಇನ್ನೂ ಊರಿನಲ್ಲಿರುವವರಿಗೆ ಕೆಲಸ ಸುಲಭ: ಭಾರತ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ಎಕ್ಸ್‌ಟ್ರ್ಯಾಕ್ಟಿಗೆ (ಲೈಸೆನ್ಸ್ ದಾಖಲೆಯ ಪ್ರತಿಗೆ) ಅರ್ಜಿ ಹಾಕಿ, ಆರ್‌ಟಿಒ ಸಹಿ-ಮೊಹರು ಹಾಕಿಸಿಕೊಳ್ಳಬೇಕು. ಲೈಸೆನ್ಸ್ ಮೊದಲು ಸಿಕ್ಕ ತಾರೀಖು ಅದರಲ್ಲಿ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಬೇಕು. ನವೀಕರಣದ ತಾರೀಖು ಮಾತ್ರ ಇದ್ದರೆ ಹಿಂದಿನ ವರ್ಷಗಳು ಹೋದಂತೆಯೇ. ಕಾಗದ ಇಂಗ್ಲಿಷಿನಲ್ಲೇ ಇರಲಿ, ಇಲ್ಲದಿದ್ದರೆ ಇಲ್ಲಿ ಅನುವಾದದ ಖರ್ಚು ಬೀಳುತ್ತದೆ.

ಇಲ್ಲಿಗೆ ಹೊರಟಿರುವ ತಮ್ಮನೋ ನಾದಿನಿಯೋ ಗೆಳೆಯರೋ ಇದ್ದರೆ ಇವತ್ತೇ ಫೋನ್ ಮಾಡಿ ಇಷ್ಟನ್ನು ಹೇಳಿಬಿಡಿ.