ಔಷಧಿ ಜೊತೆಗೆ ಒಂದು ಕರೆ: ಚೇತರಿಸಿಕೊಳ್ಳುತ್ತಿರುವವರಿಗೆ ಕನ್ನಡದಲ್ಲೇ ಆಸರೆ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಎಲ್ಲರೂ ಸುತ್ತ ಇರುತ್ತಾರೆ. ಮೂರನೇ ವಾರಕ್ಕೆ ಒಬ್ಬೊಬ್ಬರೂ ತಮ್ಮ ತಮ್ಮ ಲೋಕಲ್ ರೈಲು ಹಿಡಿದಿರುತ್ತಾರೆ. ಠಾಣೆಯ ಘೋಡಬಂದರ್ ರಸ್ತೆಯ ಹದಿನೆಂಟನೇ ಮಹಡಿಯ ಫ್ಲಾಟಿನಲ್ಲಿ, ಬೆಳಗಿನ ಮಾತ್ರೆಯ ಮಂಪರು ಇಳಿಯದೆ ಒಬ್ಬರೇ ಕೂತವರಿಗೆ "ನನಗೂ ಹೀಗೇ ಆಗಿತ್ತು" ಎನ್ನುವ ದನಿಯೊಂದು ಕೇಳಿದರೆ ಅರ್ಧ ಭಾರ ಇಳಿಯುತ್ತದೆ.

ಈ ದನಿಯ ಬಲ ಹಳೆಯದು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್‌ಗೆ ಬಾರ್ ಕಡೆ ಕಾಲೆಳೆಯಿತು. ಆತ ಫೋನಿನತ್ತ ಹೋಗಿ, ತನ್ನಂಥ ಇನ್ನೊಬ್ಬ ಕುಡುಕ ಸಿಗುತ್ತಾನಾ ಎಂದು ಒಂದಾದ ಮೇಲೊಂದು ಕರೆ ಮಾಡಿದ. ಹಾಗೆ ಸಿಕ್ಕವರು ಡಾ. ಬಾಬ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಭೇಟಿಯಿಂದ.

ಮೊದಲು ಮಾಡಬೇಕಾದದ್ದು: 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, 20 ಭಾಷೆಗಳಲ್ಲಿ ಕನ್ನಡವೂ ಒಂದು. ಭಾಷೆ ಕೇಳಿದಾಗ ಕನ್ನಡ ಆರಿಸಿ. ಮರಾಠಿ ಅಥವಾ ಹಿಂದಿಯವರು ಎತ್ತಿದರೆ, ಕನ್ನಡದವರು ಬೇಕೆಂದು ಸಂಕೋಚವಿಲ್ಲದೆ ಕೇಳಿ. ನೋವು ತಾಯಿಭಾಷೆಯಲ್ಲೇ ಸರಿಯಾಗಿ ಬಾಯಿಗೆ ಬರುತ್ತದೆ.

ಒಂದೇ ಕೋಣೆಯ ಮನೆಯಾದರೆ ಮಾತಾಡಲು ಮೆಟ್ಟಿಲ ಬಳಿಯೋ ಸೊಸೈಟಿ ಗಾರ್ಡನ್ನಿನ ಬೆಂಚೋ ಆಗುತ್ತದೆ. ಕರೆ ಮಾಡುವ ಮುಂಚೆ ಚೀಟಿಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಯಾವ ಮಾತ್ರೆ, ನಿನ್ನೆ ಎಷ್ಟು ನಿದ್ದೆ, ಈಗ ಹೆಚ್ಚು ಕಾಡುತ್ತಿರುವುದೇನು. ಗಂಟಲು ಕಟ್ಟಿದರೆ ಚೀಟಿ ನೋಡಿ ಓದಿದರೂ ಸಾಕು. ಅಲ್ಲಿ ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ನೇರ ಚಿಕಿತ್ಸೆಗೆ ಠಾಣೆಯಲ್ಲೇ 1901ರಿಂದ ಇರುವ ಪ್ರಾದೇಶಿಕ ಮನೋರುಗ್ಣಾಲಯವಿದೆ. ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಕಟ್ಟಿದ ಐಪಿಎಚ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೇ ಊರಿನದು.

ಆದರೆ ಸಹಾಯವಾಣಿಯಲ್ಲಿ ಪ್ರತಿ ಸಲವೂ ಹೊಸ ದನಿ. ಪರಿಚಿತ ದನಿ ಬೇಕೆಂದರೆ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಕಾಯಿಲೆ ದಾಟಿ, ಒಂದಷ್ಟು ಕಾಲದಿಂದ ನೆಮ್ಮದಿಯಾಗಿರುವ ಮೂರು ನಾಲ್ಕು ಕನ್ನಡಿಗರು ಸೇರಿದರೆ ಸಾಕು. ಮಾನ್ಪಾಡಾದಿಂದ ಕಾಸರವಡವಲಿಗೆ ಟ್ರಾಫಿಕ್ಕಿನಲ್ಲಿ ಹೋಗಿ ಭೇಟಿಯಾಗುವಷ್ಟು ತ್ರಾಣ ಎಲ್ಲರಿಗೂ ಇರುವುದಿಲ್ಲ, ಫೋನಿಗೆ ಆ ತೊಂದರೆಯಿಲ್ಲ.

ಕರೆ ಎತ್ತುವ ದಿನ ಹಂಚಿಕೊಳ್ಳಿ: ಮಂಗಳವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು, ಸಂಜೆ ಏಳರಿಂದ ಎಂಟು. ಹೇಳಿದ ಹೊತ್ತಿಗೆ ಎತ್ತಲೇಬೇಕು. ಕಾದು ಕೂತವರಿಗೆ ಎತ್ತದ ಫೋನು ಬಹಳ ನೋವು ಕೊಡುತ್ತದೆ. "ಊಟ ಆಯ್ತಾ?" ಎಂದು ಶುರುಮಾಡಿ, ಆಮೇಲೆ ಕೇಳಿಸಿಕೊಳ್ಳಿ. "ಧೈರ್ಯ ತಗೋ" ಎನ್ನಬೇಡಿ; ಅದನ್ನು ಅವರು ನೂರು ಸಲ ಕೇಳಿರುತ್ತಾರೆ. ಮಾತ್ರೆ ನಿಲ್ಲಿಸುವ, ಕಡಿಮೆ ಮಾಡುವ ಸಲಹೆ ಯಾವ ಕಾರಣಕ್ಕೂ ಕೂಡದು, ಅದು ಡಾಕ್ಟರರ ಕೆಲಸ.

ಗುಟ್ಟಿನ ವಿಷಯ ಮೊದಲೇ ಮಾತಾಡಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವೈದ್ಯರನ್ನು ಗೋಪ್ಯತೆಗೆ ಕಟ್ಟಿಹಾಕುತ್ತದೆ. ನಮ್ಮನ್ನು ಕಟ್ಟುವುದು ಕೊಟ್ಟ ಮಾತು ಮಾತ್ರ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಎದುರಾದಾಗಲೂ ಕರೆಯ ಸುದ್ದಿ ಎತ್ತಬಾರದು. ಜೀವಕ್ಕೆ ಅಪಾಯ ಕಂಡಾಗ ಮಾತ್ರ ಗುಟ್ಟು ಬದಿಗಿಡಿ: ಸಾಯುವ ಮಾತು ಬಂದರೆ ಹೆದರದೆ ನೇರವಾಗಿ ಕೇಳಿ, ಲೈನ್ ಬಿಡಬೇಡಿ, ಮನೆಯವರಿಗೆ ತಿಳಿಸಿ, 14416ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಹೋಗಲಿ.

ಕರೆ ಎತ್ತಿದವರ ಮನಸ್ಸೂ ದಣಿಯುತ್ತದೆ. ವಾರಕ್ಕೆ ಒಂದು ಸರದಿಗಿಂತ ಹೆಚ್ಚು ಹೊರಬೇಡಿ.

ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ: ನಿಮ್ಮ ನೋಟಿಸ್ ಬೋರ್ಡಿನಲ್ಲಿ ಕಾರ್ಯಕ್ರಮದ ಪಟ್ಟಿಯ ಪಕ್ಕ 14416 ಅನ್ನೂ ದಪ್ಪಕ್ಷರದಲ್ಲಿ ಬರೆಸಿ.