ಏರುದಾರಿಯ ಓಟಗಾರರಿಗೆ

ಲಡಾಖಿನ ಲೇಹ್ ಪಟ್ಟಣದಲ್ಲಿ ಸೆಪ್ಟೆಂಬರ್ ಮಾಸದಲ್ಲಿ ಜರುಗುವ ಅರ್ಧ ಮ್ಯಾರಥಾನಿನಲ್ಲಿ ಪಾಲ್ಗೊಳ್ಳಬೇಕೆಂಬ ಅಭಿಲಾಷೆಯುಳ್ಳವರು ಮೊದಲು ಮನಗಾಣತಕ್ಕ ಸಂಗತಿಯೆಂದರೆ, ಅಲ್ಲಿ ಕಾಲಿಗಿಂತ ಮುಂಚೆ ಪರೀಕ್ಷೆಗೊಳಗಾಗುವುದು ಉಸಿರು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಆ ಊರಿನಲ್ಲಿ ವಾಯುವಿನ ಒತ್ತಡವು ಕರಾವಳಿಯಲ್ಲಿರುವುದರ ಸರಿಸುಮಾರು ಮೂರರಲ್ಲೆರಡು ಪಾಲಿಗೆ ಇಳಿದಿರುವುದರಿಂದ, ಪ್ರತಿಯೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕವು ಅಷ್ಟರಮಟ್ಟಿಗೆ ಕಡಿಮೆ. ಆದಕಾರಣ ಓಟಕ್ಕೆ ಒಂದು ವಾರಕ್ಕೂ ಮೊದಲೇ ಅಲ್ಲಿಗೆ ತಲುಪಿ, ಮೊದಲೆರಡು ದಿವಸ ಸಂಪೂರ್ಣ ವಿಶ್ರಾಂತಿಯಲ್ಲಿದ್ದು, ಅನಂತರ ನಡಿಗೆಯಿಂದ ಮೆಲ್ಲನೆ ಓಟಕ್ಕೆ ಸಾಗುವುದು ಶ್ರೇಯಸ್ಕರ. ತಲೆನೋವು, ಓಕರಿಕೆಗಳು ಕಾಣಿಸಿಕೊಂಡರೆ ಛಲವನ್ನು ಬದಿಗಿಟ್ಟು ವೈದ್ಯರ ಬಳಿ ಹೋಗತಕ್ಕದ್ದು.

ಓಟದ ದಿನ ಪಟ್ಟಣದಿಂದ ಸಿಂಧೂ ಕಣಿವೆಯತ್ತ ಇಳಿಯುವಾಗ ವೇಗವು ತಾನಾಗಿಯೇ ಒದಗಿಬರುವುದಾದರೂ, ಇಳಿಜಾರಿನ ಒಂದೊಂದು ಹೆಜ್ಜೆಯೂ ತೊಡೆಯ ಸ್ನಾಯುಗಳನ್ನು ಬಳಲಿಸುವುದೆಂಬುದನ್ನು ಮರೆಯದೆ, ಹೆಜ್ಜೆಗಳನ್ನು ಕಿರಿದಾಗಿರಿಸಿ, ಶಕ್ತಿಯನ್ನು ದುಂದುಗಾರನು ಹಣ ಚೆಲ್ಲುವಂತೆ ಚೆಲ್ಲದೆ ಕಾದಿಟ್ಟುಕೊಳ್ಳಬೇಕು. ಏಕೆಂದರೆ ಕಣಿವೆಯಿಂದ ಪಟ್ಟಣಕ್ಕೆ ಮರಳುವ ದಾರಿಯು ಏರುದಾರಿ. ಆ ಏರಿನಲ್ಲಿ ಗಡಿಯಾರವನ್ನು ಮರೆತು, ಉಸಿರಿನ ಲಯವನ್ನೇ ಪ್ರಮಾಣವಾಗಿಟ್ಟುಕೊಂಡು, ಆಗಾಗ ನೀರು ಗುಟುಕರಿಸುತ್ತ, ಅಗತ್ಯಬಿದ್ದಲ್ಲಿ ನಿಸ್ಸಂಕೋಚವಾಗಿ ನಡೆಯಿರಿ. ಬಯಲುಸೀಮೆಯಲ್ಲಿ 21 ಕಿಲೋಮೀಟರುಗಳನ್ನು ಓಡಲು ನಿಮಗೆ ಹಿಡಿಯುವ ಕಾಲವನ್ನು ಅಲ್ಲಿಯೂ ನಿರೀಕ್ಷಿಸುವುದು ವಿವೇಕವಲ್ಲ. ಆರೋಗ್ಯದಿಂದ ಗುರಿಮುಟ್ಟುವುದೇ ಅಲ್ಲಿ ಸಾಕಾದಷ್ಟು ದೊಡ್ಡ ಸಾಧನೆ.