ಬಂಡೆಯ ಸೀಮೆಯಲ್ಲಿ ಬ್ರಹ್ಮಕಮಲ

ರಾಮನಗರವನ್ನು ಹಿಂದಿಕ್ಕಿ ಚನ್ನಪಟ್ಟಣದ ಕಡೆಗೆ ಸಾಗುವ ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ, ಆಂಜನೇಯಸ್ವಾಮಿಯ ಸನ್ನಿಧಿಯಿಂದ ಪ್ರಸಿದ್ಧವಾದ ಕೆಂಗಲ್ಲಿನಲ್ಲಿ, ಗಿಡ ಬೆಳೆಸಹೊರಟವನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಕಲ್ಲನ್ನು. ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಶಿಲೆ ಇಲ್ಲಿ ಬೆಟ್ಟವಾಗಿ ನಿಂತಿದೆ, ಹೊಲಗಳ ನಡುವೆ ಗುಂಡಾಗಿ ಬಿದ್ದಿದೆ, ಮನೆಯಂಗಳದಲ್ಲಿ ಚಪ್ಪಡಿಯಾಗಿ ಹಾಸಿದೆ. ವೈಶಾಖದ ಬಿಸಿಲನ್ನು ಹಗಲೆಲ್ಲ ಹೀರಿ, ಇರುಳು ಬಹುದೂರ ಸರಿಯುವವರೆಗೂ ಹೊರಚೆಲ್ಲುತ್ತಿರುತ್ತದೆ. ಇಂತಹ ನೆಲದಲ್ಲಿ ಮಲ್ಲಿಗೆ ಸೇವಂತಿಗೆಗಳಿಗೆ ನೀರೆರೆದು ದಣಿಯುವುದಕ್ಕಿಂತ ಕಳ್ಳಿಯ ಜಾತಿಯದೊಂದನ್ನು ಸಾಕುವುದು ಜಾಣತನವೆಂದು ತೋರುವುದು ಸಹಜ. ಬ್ರಹ್ಮಕಮಲದ ಕುಂಡವನ್ನು ತಂದು ತಾರಸಿಯ ಬಿರುಬಿಸಿಲಿನಲ್ಲಿಡುವ ಬಹುಮಂದಿಯ ತರ್ಕವೂ ಇದೇ. ಹಲವು ಮಳೆಗಾಲಗಳ ಒಡನಾಟದಿಂದ ನಾನು ಕಂಡುಕೊಂಡದ್ದಾದರೋ, ಈ ಗಿಡವನ್ನು ಅದರ ಕುಲದಿಂದಲೂ ಹೆಸರಿನಿಂದಲೂ ಅಳೆಯದೆ, ಅದು ಹುಟ್ಟಿದ ಕಾಡಿನಿಂದ ಅಳೆಯಬೇಕೆಂಬುದು.

ಒಂದಾನೊಂದು ಕಾಲಕ್ಕೆ ನಮ್ಮ ಕಡೆಯ ಬೇಲಿಗಳನ್ನೆಲ್ಲ ಆಕ್ರಮಿಸಿದ್ದ ಪಾಪಾಸುಕಳ್ಳಿಯೂ ಈ ಬ್ರಹ್ಮಕಮಲವೂ ಒಂದೇ ಕುಟುಂಬಕ್ಕೆ ಸೇರಿದವು. ಎರಡೂ ಅಮೆರಿಕ ಖಂಡದಿಂದ ಬಂದವು. ಆದರೆ ಪಾಪಾಸುಕಳ್ಳಿ ಒಣನೆಲದ ಸಂತಾನ. ಬ್ರಹ್ಮಕಮಲವಾದರೋ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲ ಮೊದಲಾದೆಡೆಯ ಆರ್ದ್ರವಾದ ಅರಣ್ಯಗಳಲ್ಲಿ, ಹೆಮ್ಮರಗಳ ಕವಲುಗಳ ನಡುವೆ ಕೊಳೆತು ನಿಂತ ತರಗೆಲೆಯಲ್ಲಿ ಬೇರೂರಿ ಬದುಕತಕ್ಕದ್ದು. ಮರದಿಂದ ಆಸರೆಯನ್ನು ಪಡೆಯುವುದೇ ಹೊರತು ಅದರ ರಸವನ್ನು ಕದಿಯುವುದಿಲ್ಲ. 1828ರಲ್ಲಿ ಡಿ ಕ್ಯಾಂಡೋಲ್ ಎಂಬ ಸ್ವಿಟ್ಜರ್ಲೆಂಡಿನ ಪಂಡಿತನು ಇದನ್ನು ವರ್ಣಿಸಿದನು; ಮರುವರ್ಷ ಇಂಗ್ಲೆಂಡಿನ ಹಾವರ್ತನು ಇದನ್ನು ಎಪಿಫಿಲಮ್ ಎಂಬ ವರ್ಗಕ್ಕೆ ಸೇರಿಸಿದನು. ಹಿಮಾಲಯದ ಎತ್ತರದಲ್ಲಿ ಅರಳುವ, ಉತ್ತರಾಖಂಡದ ರಾಜ್ಯಪುಷ್ಪವೆನಿಸಿದ ಬ್ರಹ್ಮಕಮಲವು ಸೂರ್ಯಕಾಂತಿಯ ಬಳಗದ್ದಾಗಿದ್ದು, ಅದಕ್ಕೂ ನಮ್ಮ ಮನೆಗಳದಕ್ಕೂ ಹೆಸರಿನ ಹೊರತು ನಂಟಿಲ್ಲ. ಇದನ್ನು ಕೇಳಿ ಖಿನ್ನರಾಗುವ ಆಸ್ತಿಕರುಂಟು. ದೇವರ ಮುಡಿಗೆ ನಿತ್ಯವೂ ಏರುವ ನಮ್ಮ ಚೆಂಡುಹೂವೂ ಮೆಕ್ಸಿಕೋದಿಂದಲೇ ಬಂದದ್ದೆಂದು ಅವರಿಗೆ ಹೇಳಿದರೆ ಸಮಾಧಾನವಾಗುವುದೋ, ಖೇದವು ಇಮ್ಮಡಿಸುವುದೋ ತಿಳಿಯದು.

ಕಾಡಿನ ಮರದ ಮೇಲೆ ಬೆಳೆಯುವ ಗಿಡವೆಂದು ಬಗೆದೊಡನೆ ಆರೈಕೆಯ ಅರ್ಧ ಸಮಸ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಿತ್ತಿಲಿನ ಮಾವಿನ ಮರದ ಪೂರ್ವದಿಕ್ಕಿನಲ್ಲಿ, ಎಳೆಬಿಸಿಲು ಒಂಬತ್ತರವರೆಗೆ ತಾಗಿ ಅನಂತರ ಚೆದುರಿದ ನೆರಳು ಕವಿಯುವ ಸ್ಥಳದಲ್ಲಿ ಇದು ಸುಖವಾಗಿದೆ. ನಡುಹಗಲಿನ ಬಿಸಿಲಿಗೆ ಸಿಕ್ಕಿದ ಗಿಡ ಹಳದಿಗೆ ತಿರುಗಿ, ಸುಟ್ಟ ಕಲೆಗಳನ್ನು ತಳೆಯುತ್ತದೆ. ಬೆಳಕೇ ಇಲ್ಲದ ಮೂಲೆಯಲ್ಲಿಟ್ಟದ್ದು ಬಡಕಲಾಗಿ ನೀಳ್ದು, ಹೂವಿನ ಮಾತನ್ನೇ ಮರೆಯುತ್ತದೆ. ಜನರು ಎಲೆಯೆಂದು ಕರೆಯುವ ಚಪ್ಪಟೆಯಾದ ಹಸಿರು ಭಾಗವು ವಾಸ್ತವವಾಗಿ ಕಾಂಡ. ಅದರ ಅಂಚಿನ ಕಚ್ಚುಗಳಿಂದಲೇ ಮೊಗ್ಗು ಮೂಡತಕ್ಕದ್ದಾದುದರಿಂದ, ಹಳತಾಯಿತೆಂದೂ ಅಂದಗೆಟ್ಟಿತೆಂದೂ ಅದನ್ನು ಸವರಿಹಾಕುವವರು ಬರಲಿರುವ ಹೂವನ್ನೇ ಸವರಿದಂತಾಗುತ್ತದೆ. ಹೊಲದ ಕೆಮ್ಮಣ್ಣನ್ನು ಕುಂಡಕ್ಕೆ ತುಂಬಿದರೆ ಮಳೆಯಲ್ಲಿ ಅದು ಬಿಗಿದುಕೊಂಡು ಬೇರಿಗೆ ಗಾಳಿ ಇಲ್ಲದಾಗುತ್ತದೆ. ಆದಕಾರಣ ದಪ್ಪ ಮರಳು, ತೆಂಗಿನ ಸಿಪ್ಪೆಯ ಚೂರು, ಚೆನ್ನಾಗಿ ಕಳಿತ ತರಗುಗೊಬ್ಬರ ಇವುಗಳ ಜತೆಗೆ ಮಣ್ಣು ಹೆಸರಿಗಷ್ಟೇ ಇರಬೇಕು. ಕುಂಡವೂ ಇಕ್ಕಟ್ಟಾಗಿದ್ದಷ್ಟು ಒಳ್ಳೆಯದು. ರೇಷ್ಮೆಯ ಸೀಮೆಯಾದ್ದರಿಂದ ನಮಗೊಂದು ಅನುಕೂಲವುಂಟು: ಹುಳುಮನೆಗಳಿಂದ ಹೊರಬೀಳುವ ಹಿಕ್ಕೆಯೂ ತಿಂದುಳಿದ ಸೊಪ್ಪೂ ಕೊಳೆತು ಒಳ್ಳೆಯ ಗೊಬ್ಬರವಾಗುತ್ತವೆ. ಮೊದಲ ಮಳೆಯ ಸಮಯದಲ್ಲಿ ಅದನ್ನು ಒಂದು ಹಿಡಿ ಕೊಟ್ಟರೆ ಸಾಕು. ಪದೇಪದೇ ಕೊಡುತ್ತ ಹೋದರೆ ಗಿಡ ಕೊಬ್ಬಿ ಕಾಂಡವನ್ನೇ ಬೆಳೆಸುತ್ತದೆ.

ನೀರಿನ ವಿಷಯ ಸೂಕ್ಷ್ಮವಾದದ್ದು. ಈ ಗಿಡವು ಹಗಲಿನಲ್ಲಿ ತನ್ನ ಮೈಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಳ್ಳುತ್ತದೆ. ಕೂಡಿಟ್ಟ ನೀರು ಹೀಗೆ ಬಹುಕಾಲ ಬಾಳುವುದರಿಂದ ಅದರ ಬಾಯಾರಿಕೆ ನಮಗೆ ತಡವಾಗಿ ಗೋಚರಿಸುತ್ತದೆ, ಅತಿನೀರಿನ ಕೇಡು ಇನ್ನೂ ತಡವಾಗಿ, ಬುಡ ಮೆತ್ತಗಾದ ಮೇಲೆ. ಹುಳು ಸಾಕುವ ಮನೆಗಳಲ್ಲಿ ಒದ್ದೆ ಸೊಪ್ಪನ್ನು ಹಾಕಬಾರದೆಂದು ಎಷ್ಟು ಕಟ್ಟುನಿಟ್ಟಾಗಿ ನಡೆದುಕೊಳ್ಳುತ್ತಾರೋ ಅಷ್ಟೇ ಕಟ್ಟುನಿಟ್ಟು ಇಲ್ಲಿಯೂ ಅವಶ್ಯಕ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಂಗಲ್ಲಿನ ದನಗಳ ಜಾತ್ರೆ ನೆರೆಯುವ ಹೊತ್ತಿಗೆ ನಾನು ನೀರನ್ನು ಕುಗ್ಗಿಸುತ್ತೇನೆ. ಬೇರು ಒಣಗಿ ಸಾಯದಷ್ಟು ಮಾತ್ರ, ಮೇಲಿನ ಮಣ್ಣು ಬೆರಳಿಗೆ ಪೂರ್ಣ ಒಣಗಿತೆಂದು ತೋರಿದ ಮೇಲೆ. ಈ ವಿಶ್ರಾಂತಿಯನ್ನು ಪಡೆದ ಗಿಡವು ಮುಂಗಾರು ಹಿಡಿದ ಮೇಲೆ ಮೊಗ್ಗುಗಳನ್ನು ಉದಾರವಾಗಿ ತಳೆಯುತ್ತದೆ. ಮೊಗ್ಗು ಕಾಣಿಸಿದ ಬಳಿಕ ಕುಂಡವನ್ನು ಕದಲಿಸಬಾರದು. ಸಂತೋಷಾತಿಶಯದಿಂದ ಅದನ್ನು ನಡುಮನೆಗೆ ಹೊತ್ತು ತಂದರೆ ಮೊಗ್ಗುಗಳು ಉದುರುವುದು ಬಹುಮಟ್ಟಿಗೆ ಖಂಡಿತ.

ಒಂದು ಶ್ರಾವಣದಲ್ಲಿ ನೆರೆಮನೆಯ ಹೆಣ್ಣುಮಗಳು ಕುಂಡದ ಬಳಿ ಬಾಗಿ, ‘ಮೇಷ್ಟ್ರೇ, ನಿಮ್ಮ ಗಿಡಕ್ಕೂ ತುಕ್ರ ಬಂದೈತೆ ನೋಡಿ’ ಎಂದಳು. ಹಿಪ್ಪುನೇರಳೆಯ ಕುಡಿಗಳನ್ನು ಮುರುಟಿಸುವ ತುಕ್ರ ರೋಗಕ್ಕೆ ಕಾರಣವಾದುದು ಗುಲಾಬಿ ಬಣ್ಣದ ಹಿಟ್ಟುತಿಗಣೆ; ನಮ್ಮ ಗಿಡದ ಕಚ್ಚುಗಳಲ್ಲಿ ಬಿಳಿಯ ಅರಳೆಯಂತೆ ಕುಳಿತಿದ್ದುದು ಅದರ ಬಳಗದ್ದೇ ಇನ್ನೊಂದು ಕೀಟ. ಬೇರೆ ಊರಿನವರಾದರೆ ಔಷಧ ಸಿಂಪಡಿಸಿ ಕೈತೊಳೆದುಕೊಳ್ಳಬಹುದು. ಇಲ್ಲಿ ಬೇಲಿಯಾಚೆ ಹಿಪ್ಪುನೇರಳೆಯ ತೋಟ, ಅದರಾಚೆ ಹುಳುಮನೆ. ಗಾಳಿಗೆ ತೇಲಿಹೋದ ಕೀಟನಾಶಕದ ಹನಿ ಸೊಪ್ಪಿನ ಮೇಲೆ ಕುಳಿತರೆ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಾದ ಹುಳುಗಳು ತಟ್ಟೆಯಲ್ಲಿಯೇ ಸಾಯುತ್ತವೆ. ನನ್ನ ಒಂದು ರಾತ್ರಿಯ ಹೂವಿಗಾಗಿ ಮತ್ತೊಬ್ಬರ ತಿಂಗಳ ದುಡಿಮೆಯನ್ನು ಪಣಕ್ಕಿಡುವುದು ನ್ಯಾಯವಲ್ಲ. ಸಾಬೂನಿನ ತೆಳುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಾಂಡಗಳನ್ನು ಒಂದೊಂದಾಗಿ ಒರೆಸುವುದೇ ಇಲ್ಲಿಗೆ ಸಲ್ಲುವ ಮಾರ್ಗ. ಬೇಸರದ ಕೆಲಸ, ಆದರೆ ಗಿಡದ ಮೈಯನ್ನು ಅಂಗುಲ ಅಂಗುಲವಾಗಿ ನೋಡುವ ಅಭ್ಯಾಸ ಇದರಿಂದಲೇ ಬರುತ್ತದೆ. ಪಾಪಾಸುಕಳ್ಳಿಯ ಹಾವಳಿಯನ್ನು ಅಡಗಿಸಿದ್ದೂ ಇಂಥದೇ ಬಿಳಿಯ ಅರಳೆಯನ್ನು ಹೊದ್ದ, 1926ರಲ್ಲಿ ಸಿಂಹಳದಿಂದ ಭಾರತಕ್ಕೆ ತಂದ, ಕೆಂಪುಬಣ್ಣದ ಹುಳುವೆಂಬುದನ್ನು ನೆನೆದರೆ, ಈ ಕುಲಕ್ಕೆ ಅರಳೆಯ ಕೀಟಗಳ ಕಾಟ ಬಿಟ್ಟದ್ದಲ್ಲವೆನ್ನಿಸುತ್ತದೆ.

ಅರಳುವ ದಿನವನ್ನು ಮೊಗ್ಗೇ ತಿಳಿಸುತ್ತದೆ. ತಲೆಕೆಳಗಾಗಿ ತೂಗುತ್ತಿದ್ದ ಅದರ ನೀಳವಾದ ತೊಟ್ಟು ಕೊಕ್ಕೆಯಾಕಾರವಾಗಿ ಮೇಲಕ್ಕೆ ಬಾಗಿ, ತುದಿ ಉಬ್ಬಿ, ಸಂಜೆ ಬೆಳ್ಳಗೆ ಬಿರಿಯತೊಡಗಿದರೆ ಅಂದೇ ರಾತ್ರಿ. ಹತ್ತು ಹನ್ನೊಂದರ ಸುಮಾರಿಗೆ ಪೂರ್ಣವಾಗಿ ಬಿಚ್ಚಿಕೊಂಡು, ಬೆಳಕು ಹರಿಯುವುದರೊಳಗೆ ಜೋತುಬೀಳುತ್ತದೆ. ಬಿಳುಪೂ ಗಂಧವೂ ಇರುಳೇ ಆಗಬೇಕಾದುದಕ್ಕೆ ಕಾರಣವೆಂದರೆ, ತವರಿನಲ್ಲಿ ಇದರ ಪರಾಗವನ್ನು ಹೊರುವವು ಉದ್ದನೆಯ ಹೀರುನಾಳದ ನಿಶಾಚರ ಪತಂಗಗಳು. ಇಲ್ಲಿಯೂ ದೊಡ್ಡ ಪತಂಗಗಳು ಒಮ್ಮೊಮ್ಮೆ ಸುಳಿದು ಹೋಗುತ್ತವೆ. ಕಾಯಿ ಕಟ್ಟಿದ್ದನ್ನು ನಾನು ಕಂಡಿಲ್ಲ. ನಮ್ಮ ಜಿಲ್ಲೆಗೆ ಹೆಸರು ತಂದ ಪತಂಗಕ್ಕಂತೂ ಹಾರುವ ಶಕ್ತಿಯಿಲ್ಲ, ಉಣ್ಣುವ ಬಾಯಿಯಿಲ್ಲ. ರೇಷ್ಮೆಯ ಗೂಡಿನಿಂದ ಹೊರಬಿದ್ದು ತತ್ತಿಯಿಟ್ಟು ಮುಗಿಯಿತು.

ಹೂ ಅರಳಿದ ರಾತ್ರಿ ಅರಿಶಿನ ಕುಂಕುಮದೊಡನೆ ಬಂದು ಆರತಿ ಬೆಳಗುವವರಲ್ಲಿ ಅನೇಕರು ಮರುದಿನ ಕಾಂಡದ ತುಂಡನ್ನು ಕೇಳುತ್ತಾರೆ, ಅದೂ ಮೊಗ್ಗಿರುವುದನ್ನೇ. ಕೊಡುವುದಕ್ಕೆ ನನ್ನ ಅಭ್ಯಂತರವಿಲ್ಲ, ಮೊಗ್ಗಿನ ತುಂಡನ್ನು ಮಾತ್ರ ಕೊಡುವುದಿಲ್ಲ. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಬನ್ನಿರೆನ್ನುತ್ತೇನೆ. ಬಂದವರಿಗೆ ಬಲಿತ ಕಾಂಡವನ್ನು ಕೊಯ್ದು, ಗಾಯ ಒಣಗುವವರೆಗೆ ಒಂದು ವಾರ ನೆರಳಿನಲ್ಲಿಡಿರೆಂದು ಹೇಳಿ, ಬುಡ ಯಾವುದು ತುದಿ ಯಾವುದೆಂದು ತಿಳಿಯಲು ಬುಡದ ಕಡೆಗೆ ದಾರ ಕಟ್ಟಿ ಕೊಡುತ್ತೇನೆ. ಹೂವು ಯಾವಾಗ ಬಿಡುತ್ತದೆಂದು ಕೇಳಿದವರಿಗೆ ಎರಡು ಮೂರು ವರ್ಷವೆಂದರೆ ಕೆಲವರು ತುಂಡನ್ನು ಜಗಲಿಯ ಮೇಲೆಯೇ ಬಿಟ್ಟುಹೋಗುವುದೂ ಉಂಟು; ಅವನ್ನು ನಾನೇ ನೆಟ್ಟುಕೊಳ್ಳುತ್ತೇನೆ.